ಮಾರ್ತೆಲನ ಹಡಗು ಕಟ್ಟಿದ ನಿರುಪಮಾ

ನಿರುಪಮಾಳನ್ನು ನಾನು ಮೊದಲ ಸಲ ಕಂಡದ್ದು ಒಂದು ಕೌದಿಯ ದೆಸೆಯಿಂದ. ತೊಂಬತ್ತೊಂಬತ್ತನೆಯ ಇಸವಿ, ಅಮೆರಿಕದಲ್ಲಿ ನ್ಯೂಯಾರ್ಕಿಗೆ ಹತ್ತಿರದ ಬಾಸ್ಕಿಂಗ್ ರಿಡ್ಜ್ ಎಂಬ ಊರಿನಲ್ಲಿ ಎಲೆ ಉದುರುವ ಕಾಲ. ಹಿಡಿದ ಮಳೆ ಬಿಟ್ಟು ಆ ಶನಿವಾರ ಬಿಸಿಲು ಬಿದ್ದಿತ್ತು. ಮಗಳು ಸೌಜನ್ಯಾ ಮತ್ತು ಅಳಿಯ ಸಾಮಾನು ತರಲು ಹೋಗಿದ್ದರು. ನಾನು ಧಾರವಾಡದಿಂದ ತಂದಿದ್ದ ಕೌದಿಯನ್ನು ಬಾಲ್ಕನಿಯ ಕಟಕಟೆಯ ಮೇಲೆ ಹರವಿದೆ. ನಮ್ಮ ಮನೆಗಳ ಸಾಲಿಗೆ ಒಂದು ಅಸೋಸಿಯೇಶನ್ ಇದೆ. ದಾರಿಗೆ ಕಾಣುವಂತೆ ಬಟ್ಟೆ ಒಣಹಾಕಿದರೆ ಅವರಿಂದ ಕಾಗದ ಬರುತ್ತದೆ. ಅದು ನನಗೆ ಗೊತ್ತಿತ್ತು. ಆದರೆ ಕೌದಿಗೆ ಮುಗ್ಗು ವಾಸನೆ ಹಿಡಿದರೆ ಅಸೋಸಿಯೇಶನ್ ಬಂದು ತೆಗೆಯುತ್ತದೆಯೇ?

ಕೆಳಗೆ ಒಬ್ಬ ಹೆಂಗಸು ನಿಂತು ತಲೆ ಎತ್ತಿ ನೋಡುತ್ತಿದ್ದಳು. ನಲವತ್ತು ದಾಟಿದ ವಯಸ್ಸು, ಕತ್ತರಿಸಿದ ಕೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ.

"ಅಸೋಸಿಯೇಶನ್‌ದಾಕಿ ಏನವ್ವಾ ನೀನು? ತಗೀತೀನಿ, ತಗೀತೀನಿ," ಎಂದೆ. ಅವಳಿಗೆ ಕನ್ನಡ ತಿಳಿಯುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

"ಅಯ್ಯೋ ತೆಗೀಬೇಡಿ ಆಂಟಿ! ಮೇಲೆ ಬರಲಾ? ಅದರ ಹಿಂಬದಿ ನೋಡಬೇಕು."

ಬಂದವಳು ಯಾವ ಊರು, ಯಾರ ಪೈಕಿ ಎಂದು ಒಂದೂ ಕೇಳಲಿಲ್ಲ. ಕೌದಿಯನ್ನು ಮಗುಚಿ, ಭೂತಗನ್ನಡಿ ಹಿಡಿದು, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಹೊಲಿಗೆಯ ಗುಂಟ ಕಣ್ಣು ಹಾಯಿಸಿದಳು.

"ಮುಂದಿನ ಕಡೆ ಎಲ್ಲರೂ ನೀಟಾಗಿ ಹೊಲೀತಾರೆ. ಇದು ಹಿಂದೇನೂ ಹಾಗೇ ಇದೆಯಲ್ಲ. ಯಾರು ಹೊಲಿದಿದ್ದು?"

"ನಾನ. ಮತ್ಯಾರು, ಗವರ್ನರನ ಹೇಣ್ತಿ ಬಂದು ಹೊಲದಾಳೇನು?"

ಅವಳು ನಕ್ಕಳು. ಆಮೇಲೆ ತಟ್ಟನೆ, "ನನ್ನ ಹಡಗಿಗೆ ಪಟ ಹೊಲಿದುಕೊಡ್ತೀರಾ ಆಂಟಿ?" ಎಂದಳು.

"ಹಡಗ ಎಲ್ಲೈತಿ? ಈ ಊರಾಗ ಸಮುದ್ರನ ಇಲ್ಲಲ್ಲ!"

"ಮೂರನೇ ಬಿಲ್ಡಿಂಗು, ಎರಡನೇ ಮಹಡಿ. ನಮ್ಮ ಡೈನಿಂಗ್ ಟೇಬಲ್ ಮೇಲೆ."

ಹುಚ್ಚಿ ಇರಬೇಕು ಎಂದುಕೊಂಡೇ ಅವಳ ಹಿಂದೆ ಹೋದೆ. ಮನೆಯಲ್ಲಿ ಕೂರಲು ಸೋಫಾ ಇಲ್ಲ, ಟಿವಿ ಇಲ್ಲ. ಮೇಜಿನ ಮೇಲೆ ಒಂದೂವರೆ ಮೊಳ ಉದ್ದದ ಹಡಗು ನಿಂತಿತ್ತು. ಅಂಗಡಿಯಿಂದ ತಂದು ಅಂಟಿಸಿದ್ದಲ್ಲ. ಒಂದೊಂದು ಹಲಗೆಯನ್ನೂ ನೀರಿನಲ್ಲಿ ನೆನೆಸಿ, ಬಗ್ಗಿಸಿ, ಬೆರಳಷ್ಟು ಬೆರಳಷ್ಟಾಗಿ ಕೂಡಿಸಿದ್ದಳು. ಮೂರು ಕಂಬ ನಿಂತಿದ್ದವು, ಪಟಗಳಿರಲಿಲ್ಲ. ನಾನು ಮೂಗು ಹತ್ತಿರ ತಂದು ನೋಡಿದೆ. ಮರದ ವಾಸನೆ ಚೆನ್ನಾಗಿತ್ತು.

"ಅಪ್ಪ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಗಿಗಳ ಮೇಸ್ತ್ರಿ ಆಗಿದ್ದರು. ಉಳಿ ಹಿಡಿಯೋದು ಅವರಿಂದ ಬಂದಿದ್ದು," ಎಂದಳು. "ಹಡಗು ಮಾತ್ರ ನನ್ನದೇ ಹುಚ್ಚು."

ಅವಳ ಕೆಲಸ ಕಂಪ್ಯೂಟರಿನದು. ಆ ಕಾಲದಲ್ಲಿ ನಮ್ಮವರು ಯಾರನ್ನು ಕೇಳಿದರೂ ಅದೇ ಕೆಲಸ. ಎರಡು ಸಾವಿರದ ಇಸವಿ ಬಂದಾಗ ಹಳೆಯ ಕಂಪ್ಯೂಟರುಗಳು ಅದನ್ನು ಸಾವಿರದ ಒಂಬೈನೂರು ಎಂದು ತಿಳಿದು ಲೆಕ್ಕವನ್ನೆಲ್ಲ ಕಲಸಿಬಿಡುತ್ತವೆ ಎಂದು ದೊಡ್ಡ ಗಾಬರಿ ಇತ್ತು. ಆ ಹಳೆಯ ಬರವಣಿಗೆಯನ್ನು ಸಾಲು ಸಾಲಾಗಿ ಓದಿ, ತಪ್ಪುವ ಕಡೆ ತಿದ್ದಲು ಜನ ಬೇಕಾಗಿದ್ದರು. ನಿರುಪಮಾ ಅದಕ್ಕೇ ಬಂದವಳು. ದೊಡ್ಡ ಕಂಪನಿಯ ಕಟ್ಟಡದಲ್ಲಿ ಕುಳಿತು ಕೆಲಸ ಮಾಡುತ್ತಿದ್ದಳು, ಆದರೆ ಆ ಕಂಪನಿಯವಳಲ್ಲ. ಇನ್ನೊಂದು ಸಣ್ಣ ಕಂಪನಿ ಅವಳನ್ನು ಅಲ್ಲಿಗೆ ಗೊತ್ತುಮಾಡಿತ್ತು. ಕೊರಳಿಗೆ ಹಾಕುವ ಬಿಲ್ಲೆಯ ಬಣ್ಣವೇ ಬೇರೆ. ಕಂಪನಿಯವರ ಪಿಕ್ನಿಕ್ಕಿಗೆ ಅವಳಿಗೆ ಕರೆ ಇಲ್ಲ.

ಪಟಕ್ಕೆ ಬಟ್ಟೆ ಹುಡುಕುವುದೇ ಮೊದಲ ಕೆಲಸವಾಯಿತು. ಅಂಗಡಿಯ ಬಟ್ಟೆ ದಪ್ಪ, ಮಡಿಕೆ ಕೂರುವುದಿಲ್ಲ. ನಮ್ಮ ಮನೆಯವರು ತೀರಿಕೊಂಡು ಆರು ವರ್ಷವಾಗಿತ್ತು. ಅವರ ಎರಡು ಹಳೆಯ ದೋತರ ನನ್ನ ಪೆಟ್ಟಿಗೆಯ ತಳದಲ್ಲಿದ್ದವು. ಒಗೆದು ಒಗೆದು ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿದ್ದವು. ಒಂದನ್ನು ಕೊಟ್ಟೆ. ಅವಳು ಅದನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದಳು. ಉದ್ದುದ್ದ ಪಟ್ಟಿಗಳನ್ನು ಜೋಡಿಸಿ ಹೊಲಿದರೇ ಪಟ, ಇಡೀ ಬಟ್ಟೆ ಕತ್ತರಿಸಿದರೆ ಅಲ್ಲ ಎಂದು ತೋರಿಸಿಕೊಟ್ಟಳು. ಅಂದಿನಿಂದ ಶನಿವಾರ, ರವಿವಾರ ನಾನು ಅವಳ ಮನೆಯಲ್ಲಿ ಹೊಲಿಯುತ್ತಾ ಕೂರುವುದು, ಅವಳು ಚಿಮಟ ಹಿಡಿದು ಹಗ್ಗ ಕಟ್ಟುವುದು ರೂಢಿಯಾಯಿತು.

ಹೊಲಿಯುವಾಗ ಅವಳು ಮಾರ್ತೆಲನ ಕಥೆ ಹೇಳುತ್ತಿದ್ದಳು. ಕಾಲೇಜಿನಲ್ಲಿ ಅವಳು ಎರಡನೆಯ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿದ್ದಳಂತೆ. "ಪ್ರೀತಿ ಗೀತಿ ಏನೂ ಇಲ್ಲ ಆಂಟಿ, ಬರೀ ಮಾರ್ಕ್ಸಿಗೋಸ್ಕರ. ಎಲ್ಲರೂ ಬೈದರು." ಈ ದೇಶಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ನ್ಯೂಯಾರ್ಕ್ ಬಂದರಿನ ಬಾಯಲ್ಲಿ ಚಾಚಿಕೊಂಡ ಸ್ಯಾಂಡಿ ಹುಕ್ ಎಂಬ ಮರಳುದಂಡೆಗೆ ಸಮುದ್ರ ನೋಡಲು ಹೋದಾಗ, ಇನ್ನೂರು ವರ್ಷದ ಹಿಂದಿನ ಯುದ್ಧದಲ್ಲಿ ಫ್ರೆಂಚರ ದೊಡ್ಡ ಹಡಗುಗಳು ಇಲ್ಲಿಗೆ ಬಂದು ಒಳಗೆ ಹೋಗಲಾಗದೆ ಕಾಯುತ್ತಾ ನಿಂತಿದ್ದವು ಎಂದು ಯಾರೋ ಹೇಳಿದರು. ಯಾಕೆ ಹೋಗಲಾಗಲಿಲ್ಲ ಎಂಬುದು ಇವಳ ತಲೆ ಹೊಕ್ಕಿತು. ರಜೆಯ ದಿನ ರೈಲು ಹತ್ತಿ ನ್ಯೂಯಾರ್ಕಿನ ಲೈಬ್ರರಿಗೆ ಹೋಗಿ, ಮಾರ್ಕ್ಸಿಗಾಗಿ ಕಲಿತ ಫ್ರೆಂಚಿನಲ್ಲಿ ಓದಿ ಓದಿ, ಕಡೆಗೆ ಈ ಓನೊರೆ ಮಾರ್ತೆಲ್ ಎಂಬುವನನ್ನು ಹಿಡಿದಿದ್ದಳು. ಅವನ ಮೊಮ್ಮಗ ಅಚ್ಚು ಹಾಕಿಸಿದ್ದ ಒಂದು ತೆಳ್ಳನೆಯ ಪುಸ್ತಕ ಬಿಟ್ಟರೆ ಅವನ ಹೆಸರು ಎಲ್ಲೂ ಇಲ್ಲವಂತೆ.

ಅವಳು ಹೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ. ಮಾರ್ತೆಲ್ ಫ್ರಾನ್ಸಿನ ತೆಂಕಣ ದಂಡೆಯ ಬೆಸ್ತರ ಮನೆಯ ಹುಡುಗ. ಹನ್ನೆರಡಕ್ಕೇ ಸರಕಿನ ಹಡಗು ಹತ್ತಿದ. ಕಸ ಗುಡಿಸುವುದರಿಂದ ಹಿಡಿದು ನಕ್ಷತ್ರ ನೋಡಿ ದಾರಿ ಹೇಳುವವರೆಗೆ ಎಲ್ಲ ಕಲಿತ. ಆದರೆ ಆ ಕಾಲದಲ್ಲಿ ರಾಜನ ನೌಕಾಪಡೆಯಲ್ಲಿ ಅಧಿಕಾರಿ ಆಗಬೇಕಾದರೆ ದೊಡ್ಡ ಮನೆತನದಲ್ಲಿ ಹುಟ್ಟಿರಬೇಕು. ಅಂಥವರಿಗೆ ಕೆಂಪು ಉಡುಪು. ಯುದ್ಧ ಬಂದು ಜನ ಸಾಲದಾದಾಗ ಸರಕಿನ ಹಡಗಿನ ಅನುಭವಸ್ಥರನ್ನು ಕರೆದು ನೀಲಿ ಉಡುಪು ಕೊಡುತ್ತಿದ್ದರು. ಯುದ್ಧ ಮುಗಿದ ಕೂಡಲೇ, ನೀಲಿ ಕೋಟು ಬಿಚ್ಚಿಡು, ಮನೆಗೆ ನಡೆ.

"ಅಂದ್ರ ನಿನ್ನಂಗ," ಎಂದೆ.

"ಹೂಂ ಆಂಟಿ, ಕಾಂಟ್ರ್ಯಾಕ್ಟರ್. ಅವನಿಗೂ ಪಿಕ್ನಿಕ್ಕಿಗೆ ಕರೀತಿರಲಿಲ್ಲ."

ಮಾರ್ತೆಲನಿಗೆ ನಲವತ್ತು ಹತ್ತಿರವಾದಾಗ ಅಮೆರಿಕದವರು ಇಂಗ್ಲಿಷರ ಮೇಲೆ ಎದ್ದ ಯುದ್ಧ ಬಂತು, ಫ್ರೆಂಚರು ಅಮೆರಿಕದವರ ಪರ ನಿಂತರು. 'ಇರೋಂದೆಲ್' ಎಂಬ ಹಡಗಿನಲ್ಲಿ ನೀಲಿ ಕೋಟು ಹಾಕಿಕೊಂಡು ಇಲ್ಲಿಗೆ ಬಂದ. ಅದು ಒಂದು ಸಣ್ಣ ಹಕ್ಕಿಯ ಹೆಸರು. ಇಂಗ್ಲಿಷರ ಹಡಗುಗಳು ಸ್ಯಾಂಡಿ ಹುಕ್ಕಿನ ಒಳಗೆ ಕಣ್ಣಿಗೆ ಕಾಣುವಂತೆ ನಿಂತಿದ್ದವು. ನಡುವೆ ನೀರಿನಡಿ ಮರಳಿನ ದಿಬ್ಬ. ಫ್ರೆಂಚರ ಹಡಗುಗಳು ಬಲು ದೊಡ್ಡವು, ನೀರಿನೊಳಗೆ ಆಳಕ್ಕೆ ಇಳಿಯುವಂಥವು. ದಾಟಬಹುದೋ ಇಲ್ಲವೋ ನೋಡಲು ಮಾರ್ತೆಲನನ್ನು ದೋಣಿಯಲ್ಲಿ ಇಳಿಸಿದರು. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ನೀರಿಗೆ ಬಿಟ್ಟು, ತಳ ಮುಟ್ಟಿದ ಕಡೆ ಹಗ್ಗ ಹಿಡಿದು ಅಳೆಯಬೇಕು. ಬಿಸಿಲಲ್ಲಿ ದಿನಗಟ್ಟಲೆ ಅಳೆದ. ಕೆಂಪಿನವರಿಗೆ ಒಳನುಗ್ಗಿ ಹೆಸರು ಗಳಿಸುವ ಆತುರ. ಇವನು ಮಾತ್ರ, ನೀರು ಸಾಲದು, ಹೋದರೆ ಹಡಗು ಮರಳಿಗೆ ಕೂರುತ್ತದೆ ಎಂದ. ಅವರು ಮತ್ತೆ ಕಳಿಸಿದರು. ಮತ್ತೆ ಅಳೆದು ಅದನ್ನೇ ಹೇಳಿದ. ಕಡೆಗೆ ಹಡಗುಗಳು ತಿರುಗಿ ಹೋದವು. ಒಂದೂ ಮುಳುಗಲಿಲ್ಲ. ಮುಳುಗಲಿಲ್ಲವಲ್ಲ, ಹಾಗಾಗಿ ಇವನಿಗೆ ಹೇಡಿ ಎಂಬ ಹೆಸರು ಬಂತು.

ಇದನ್ನು ಹೇಳುವಾಗ ಅವಳು ಹಗ್ಗ ಕಟ್ಟುವುದನ್ನು ನಿಲ್ಲಿಸಿದ್ದಳು. ಯಾಕೆಂದು ನನಗೆ ತಿಳಿದದ್ದು ಹೊಸ ವರ್ಷ ಬಂದ ಮೇಲೆ. ಎರಡು ಸಾವಿರದ ಇಸವಿ ಹುಟ್ಟಿತು. ಯಾವ ಕಂಪ್ಯೂಟರೂ ಕೆಡಲಿಲ್ಲ, ದೀಪ ಆರಲಿಲ್ಲ, ಫೋನು ನಿಲ್ಲಲಿಲ್ಲ. ಆಫೀಸಿನಲ್ಲಿ ಎಲ್ಲರೂ, ಸುಮ್ಮನೆ ಹೆದರಿಸಿದರು, ಏನೂ ಆಗಲೇ ಇಲ್ಲ ನೋಡಿ ಎಂದು ನಕ್ಕರಂತೆ.

"ಎರಡು ವರ್ಷ ಕಣ್ಣು ಕಳಕೊಂಡು ಓದಿದ್ದೀವಿ, ಅದಕ್ಕೇ ಏನೂ ಆಗಲಿಲ್ಲ ಆಂಟಿ. ಅದು ಯಾರಿಗೂ ಹೊಳೆಯಲ್ಲ," ಎಂದಳು. "ಮಾರ್ತೆಲ್ ಹೆಸರನ್ನ ಆ ಸಮುದ್ರದ ಮುಂದೆ ಹಾಕಿಸೇ ಹಾಕಿಸ್ತೀನಿ. ಅವನು ಅಳೆದ ನೀರು ಕಾಣೋ ಜಾಗದಲ್ಲಿ."

ಹೇಗೆಂದರೆ, ಸ್ಯಾಂಡಿ ಹುಕ್ ಪಕ್ಕದ ಹೈಲ್ಯಾಂಡ್ಸ್ ಊರಿನಲ್ಲಿ ಹಡಗಿನ ಮಾದರಿ ಕಟ್ಟುವವರ ಒಂದು ಸಂಘವಿತ್ತು. ಅವರದೇ ಒಂದು ದೊಡ್ಡ ಹಾಲ್ ಇತ್ತು. ಸಮುದ್ರದ ಕಡೆಯ ಕಿಟಕಿಗಳಲ್ಲಿ ಗಾಜಿನ ಪೆಟ್ಟಿಗೆಗಳು. ಪ್ರತಿವರ್ಷ ಮೇ ತಿಂಗಳಲ್ಲಿ ಪ್ರದರ್ಶನ ಮಾಡಿ, ಸದಸ್ಯರೆಲ್ಲ ಕೈ ಎತ್ತಿ ಆರಿಸಿದ ಒಂದು ಹಡಗನ್ನು ಅಂಥ ಒಂದು ಪೆಟ್ಟಿಗೆಯಲ್ಲಿ ಕಾಯಂ ಇಡುತ್ತಿದ್ದರು, ಕೆಳಗೆ ಫಲಕದ ಸಮೇತ. ನಿರುಪಮಾ ಆ ಸಂಘದ ಸದಸ್ಯೆ. ಉಳಿದವರೆಲ್ಲ ಬಿಳಿಯ ಮುದುಕರು. ಅಧ್ಯಕ್ಷ ಟೋನಿ, ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ದೋಣಿ ನಡೆಸಿ ನಿವೃತ್ತನಾದವನು.

ಆ ವರ್ಷವೆಲ್ಲ ಪಟ ಹೊಲಿದೆ. ದೀಪಾವಳಿಯ ಹೊತ್ತಿಗೆ ಹಡಗು ಪಟ ಬಿಚ್ಚಿಕೊಂಡು ಹಂಸದ ಹಾಗೆ ನಿಂತಿತು. ಊಟಕ್ಕೆ ಬಂದ ನಮ್ಮವರೆಲ್ಲ ನೋಡಿ ಫೋಟೋ ತೆಗೆದುಕೊಂಡರು. ಗದಗಿನ ಕಡೆಯ ಈಶಣ್ಣನಂತೂ, "ಅಲ್ಲರೀ ನಿರುಪಮಾ, ಇದರಾಗ ಕುಂತ್ರ ಇಮಿಗ್ರೇಶನ್ ಇಲ್ದ ಮಂಗಳೂರು ಮುಟ್ಟತೀವಿ!" ಎಂದು ಎಲ್ಲರನ್ನೂ ನಗಿಸಿದ. ಈಶಣ್ಣ ಮೆಕ್ಯಾನಿಕಲ್ ಎಂಜಿನಿಯರು. ಯಾರ ಮನೆಯ ನಲ್ಲಿ ಸೋರಿದರೂ ಅವನೇ ಬರುವುದು.

ಜನವರಿಯಲ್ಲಿ ಒಂದು ದಿನ ಹೋದಾಗ ಅವಳು ಪಟಗಳನ್ನೆಲ್ಲ ಬಿಚ್ಚಿ ಮಡಚಿ ಇಟ್ಟಿದ್ದಳು.

"ಆಂಟಿ, ಕೂತುಕೊಳ್ಳಿ. ಹಡಗು ಮುರೀಬೇಕು."

"ತೆಲಿ ಕೆಟ್ಟತೇನ ನಿನಗ?"

ಆಗ ಉಳಿದ ಕಥೆ ಹೇಳಿದಳು. ಸ್ಯಾಂಡಿ ಹುಕ್ಕಿನಿಂದ ಹೊರಟ ಕೆಲವೇ ವಾರಗಳಲ್ಲಿ ದೊಡ್ಡ ಬಿರುಗಾಳಿ ಬಂತು. ಇರೋಂದೆಲಿನ ಮುಂದಿನ ಕಂಬ, ನಡುವಿನ ಕಂಬ ಎರಡೂ ಮುರಿದವು. ಪಟಗಳು ಹರಿದವು. ಕೆಂಪು ಕೋಟಿನ ಕಪ್ತಾನ ಪೆಟ್ಟಾಗಿ ಮಲಗಿದ. ಮಾರ್ತೆಲ್ ಬಿದ್ದ ಮರಗಳಲ್ಲೇ ಒಂದನ್ನು ಆರಿಸಿ, ಮುರಿದ ಕಂಬದ ಮೋಟಿಗೆ ಒತ್ತಿಟ್ಟು, ಹಗ್ಗ ಸುತ್ತಿ ಸುತ್ತಿ ಬಿಗಿದು, ಹರಿದ ಪಟಗಳಿಂದ ಒಂದು ತೇಪೆಯ ಪಟ ಮಾಡಿ ಅದಕ್ಕೆ ಏರಿಸಿದ. ಆ ಒಂದು ಪಟದ ಮೇಲೆ ಜನರನ್ನೆಲ್ಲ ಬಾಸ್ಟನ್ನಿಗೆ ಮುಟ್ಟಿಸಿದ.

"ಚಂದದ ಹಡಗು ಮಾಡಿ ಕೆಳಗೆ ಮಾರ್ತೆಲ್ ಅಂತ ಬರೆದರೆ ಏನು ಬಂತು? ಅದನ್ನ ಮಾಡಿದವನು ಅವನಲ್ಲ. ಅವನು ಮಾಡಿದ್ದು ಆ ತೇಪೆ," ಎಂದಳು.

ಗರಗಸ ತರುತ್ತಾಳೆ ಎಂದುಕೊಂಡೆ. ತರಲಿಲ್ಲ. "ಕೊಯ್ದರೆ ಕೊಯ್ದ ಹಾಗೆ ಕಾಣುತ್ತೆ," ಎಂದು ನಡುವಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಮುರಿದಳು. ಆಮೇಲೆ ಮುಂದಿನದು. ನನ್ನ ಒಂದು ವರ್ಷದ ಹೊಲಿಗೆ ಪಕ್ಕದಲ್ಲಿ ಮಡಚಿ ಬಿದ್ದಿತ್ತು. ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕೆಲಸ ಕೆಲಸವೇ.

"ಗಾಳಿ ಯಾವ ಕಡಿಂದ ಬಂದಿತ್ತು?" ಎಂದು ಕೇಳಿದೆ.

"ಯಾಕೆ ಆಂಟಿ?"

"ಹರಿಯೂದು ಗಾಳಿ ಬಂದ ಕಡಿಂದ ಹರೀತದ. ತೇಪಿ ಅದರ ಗುಂಟ ಹಾಕಬೇಕು. ಹೆಂಗ ಬೇಕಂಗ ಹಾಕಾಕ ಬರೂದಿಲ್ಲ."

ಅವಳು ನನ್ನ ಕೈ ಹಿಡಿದುಕೊಂಡಳು.

ಫೆಬ್ರವರಿಯಲ್ಲಿ ಅವಳ ಕೆಲಸ ಹೋಯಿತು. ಆ ವರ್ಷ ಬಹಳ ಜನರದು ಹೋಯಿತು. ಅವಳನ್ನು ಗೊತ್ತುಮಾಡಿದ್ದ ಸಣ್ಣ ಕಂಪನಿಯವರು, ಟೆಕ್ಸಸ್ಸಿನಲ್ಲಿ ಒಂದು ಜಾಗ ಇದೆ, ಮುಂದಿನ ಸೋಮವಾರವೇ ಹೋದರೆ ಈ ದೇಶದಲ್ಲಿ ಕಾಯಂ ಇರಲು ಬೇಕಾದ ನಿನ್ನ ಗ್ರೀನ್ ಕಾರ್ಡಿನ ಕಾಗದಗಳು ಮುಂದುವರಿಯುತ್ತವೆ, ಇಲ್ಲವಾದರೆ ಇಲ್ಲ ಎಂದರು. ಇವಳು ಒಲ್ಲೆನೆಂದು, ಆ ಸಣ್ಣ ಕಂಪನಿಯಲ್ಲಿ ಉಳಿದ ರಜೆಯನ್ನೆಲ್ಲ ಹಾಕಿ ಮೇ ಕೊನೆಯವರೆಗೆ ಎಳೆದುಕೊಂಡಳು. ಆಮೇಲೆ ಮೈಸೂರಿಗೆ ಟಿಕೆಟ್ಟು.

ಸೌಜನ್ಯಾ ನಮ್ಮ ಅಡಿಗೆಮನೆಯಲ್ಲಿ ಅವಳನ್ನು ನಿಲ್ಲಿಸಿಕೊಂಡು ಬೈದಳು. "ಲೇಬರ್ ಅಂತ ಮೊದಲನೇ ಸ್ಟೆಪ್ ಕ್ಲಿಯರ್ ಆಗೇತಿ ನಿರುಪಮಾ! ಇನ್ನೇನು ಎರಡು ಸ್ಟೆಪ್ ಉಳದಾವ. ಒಂದು ಆಟಿಗಿ ಹಡಗಿನ ಸಂಬಂಧ ಯಾರಾದರೂ ಗ್ರೀನ್ ಕಾರ್ಡ್ ಬಿಡ್ತಾರೇನ್ರೀ? ಬಿ ಪ್ರ್ಯಾಕ್ಟಿಕಲ್. ಹಡಗು ಟೆಕ್ಸಸ್ಸಿನ್ಯಾಗ ಮುಗಸ್ರಿ."

"ಟೆಕ್ಸಸ್ಸಿನಲ್ಲಿ ನಾನು ಕೂರೋ ಊರಿಗೆ ಸಮುದ್ರವೇ ಇಲ್ಲ ಸೌಜನ್ಯಾ. ಮುಂದಿನ ವರ್ಷ ಅಂತೀರಿ. ಮುಂದಿನ ವರ್ಷ ನನ್ನನ್ನ ಎಲ್ಲಿಗೆ ಎಸೀತಾರೋ ಯಾರಿಗೆ ಗೊತ್ತು? ಈಗ ಇಲ್ಲಿದ್ದೀನಿ. ಈಗ ಮಾಡಬೇಕು."

"ಅವ್ವಾ, ನೀನರ ಹೇಳು."

"ನಾ ಏನ ಹೇಳ್ಲಿ? ನನ್ನ ತೇಪಿ ಇನ್ನಾ ಅರ್ಧ ಆಗೇತಿ," ಎಂದೆ. ಸೌಜನ್ಯಾ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ನಿರುಪಮಾ ಆ ಮೂರು ತಿಂಗಳು ಅವಲಕ್ಕಿ, ಚಟ್ನಿಪುಡಿಯಲ್ಲೇ ಕಳೆದಳು. ಅತ್ತದ್ದನ್ನು ನಾನು ನೋಡಲಿಲ್ಲ. ಮಾರ್ತೆಲ್ ಬಾಸ್ಟನ್ನಿನಿಂದ ಊರಿಗೆ ಹೋದ ಮೇಲೆ ಏನಾದ ಎಂದು ನಾನೇ ಕೇಳಿದೆ.

"ಕೋಟು ಬಿಚ್ಚಿಸಿ ಕಳಿಸಿದರು," ಎಂದಳು. "ಎರಡು ವರ್ಷ ಆದಮೇಲೆ ಮತ್ತೆ ಬೇಕಾದ. ಮತ್ತೆ ನೀಲಿ ಕೋಟು. ಈ ಸಲ ನಮ್ಮ ಕಡೆಗೇ ಬಂದ ಆಂಟಿ, ತಮಿಳರ ಕಡಲೂರಿನ ದಂಡೆಗೆ. ಅಲ್ಲೂ ಇಂಗ್ಲಿಷರ ಮೇಲೇ ಯುದ್ಧ, ಮೈಸೂರಿನವರು ಫ್ರೆಂಚರ ಜೊತೆ. ನಮ್ಮ ಮೈಸೂರಿನ ಸೈನ್ಯದ ಡೇರೆಗಳನ್ನ ಹಡಗಿನಿಂದಲೇ ನೋಡಿದ್ದನಂತೆ. ಅಲ್ಲಿ ಬಂದರಿಲ್ಲ, ಬರೀ ಬಯಲು ಕಡಲು. ಯುದ್ಧದಲ್ಲಿ ಕಂಬ ಮುರಿದ ಹಡಗುಗಳನ್ನ ನೀರಿನ ಮೇಲೇ ನಿಲ್ಲಿಸಿಕೊಂಡು ಸರಿಮಾಡಿದ. ಯುದ್ಧ ಮುಗೀತು, ಮತ್ತೆ ಕೋಟು ಬಿಚ್ಚಿಸಿದರು."

"ನಾಚಿಕಿಲ್ಲ ಆ ರಾಜಗ. ಆಮ್ಯಾಲೆ?"

"ಐವತ್ತರ ಹತ್ತಿರ ಒಂದು ಸಣ್ಣ ಪಕ್ಕಾ ಹುದ್ದೆ ಕೊಟ್ಟರು. ಅಷ್ಟರಲ್ಲಿ ಆ ದೇಶದಲ್ಲಿ ಕ್ರಾಂತಿ ಆಯಿತು, ಕೆಂಪಿನವರೆಲ್ಲ ದೇಶ ಬಿಟ್ಟು ಓಡಿದರು. ಆಗ ನೋಡಿ, ಮಾರ್ತೆಲನೇ ಕಪ್ತಾನ! ನಾಲ್ಕು ವರ್ಷ ಹಡಗು ನಡೆಸಿದ. ಆಮೇಲೆ ಕಣ್ಣು ಮಂಜಾಯಿತು. ಕೆಲಸ ಬಿಟ್ಟು ಊರಿನ ಬಂದರಿನಲ್ಲಿ ಪಟ ಹೊಲಿಯೋರ ಮೇಸ್ತ್ರಿಯಾಗಿ ಕೂತ. ಕಣ್ಣು ಕಾಣದಿದ್ದರೂ ಬೆರಳಾಡಿಸಿ, ಈ ಹೊಲಿಗೆ ಬಿಚ್ಚು ಅಂತಿದ್ದನಂತೆ. ಹಾಸಿಗೆ ಮೇಲೇ ಹೋದ."

"ಛಲೋ ಮನಿಷಾ," ಎಂದೆ. ನನಗೆ ಅವನು ನಮ್ಮ ಓಣಿಯವನೇ ಎನಿಸತೊಡಗಿದ್ದ.

ಪ್ರದರ್ಶನದ ದಿನ ಬಂತು. ಮೇಜು ಸಿದ್ಧಪಡಿಸಲು ನಿರುಪಮಾ, ಸೌಜನ್ಯಾ ಮತ್ತು ನಾನು ಒಂದು ಕಾರಿನಲ್ಲಿ ಮೊದಲು ಹೊರಟೆವು. ಹಡಗಿಗೆ ದೊಡ್ಡ ವ್ಯಾನು ಬೇಕಾಗಿತ್ತು. ಅದು ಈಶಣ್ಣನ ಬಳಿ ಇತ್ತು. ಹಡಗನ್ನು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿ, ವ್ಯಾನಿನ ಹಿಂದೆ ಕೂರಿಸಿದ್ದೆವು. ಈಶಣ್ಣ ಹಡಗನ್ನು ನೋಡಿದ್ದು ದೀಪಾವಳಿಯಲ್ಲಿ ಮಾತ್ರ ಎಂಬುದು ನಮಗ್ಯಾರಿಗೂ ನೆನಪಾಗಲಿಲ್ಲ.

ಸಂಘದ ಹಾಲ್‌ನಲ್ಲಿ ಮೇಜುಗಳ ಮೇಲೆ ಹಡಗುಗಳು ಸಾಲಾಗಿ ನಿಂತಿದ್ದವು, ಎಲ್ಲವೂ ಪಟ ತುಂಬಿಕೊಂಡು. ಟೋನಿ ನಿರುಪಮಾಳಿಗೆ ಏನೋ ಹೇಳಿದ. ಸೌಜನ್ಯಾ ನನಗೆ ಕನ್ನಡದಲ್ಲಿ ಹೇಳಿದಳು: "ಮುರದ ಹಡಗು ಇಡಾಕ ಕಮಿಟಿಯೊಳಗ ಒಪ್ಪಿಲ್ಲಂತ, ಅಂವ ಜಗಳಾಡಿ ಒಪ್ಪಿಸ್ಯಾನಂತ. ಆದ್ರ ಮಧ್ಯಾಹ್ನ ನೋಡಾಕ ಬಂದಾಗ ಹಡಗು ಪೂರ್ತಿ ಆಗಿರಬೇಕು. ಒಂದ್ ಹಗ್ಗನೂ ಬಾಕಿ ಇರಬಾರದಂತ."

ಈಶಣ್ಣ ಬಹಳ ತಡವಾಗಿ ಬಂದ. ಬೆವರಿದ್ದ. ಪೆಟ್ಟಿಗೆ ಇಳಿಸುವಾಗ, "ಏನೂ ಆಗಿಲ್ಲ, ಏನೂ ಆಗಿಲ್ಲ," ಎಂದು ಯಾರೂ ಕೇಳದಿದ್ದರೂ ಎರಡು ಸಲ ಹೇಳಿದ. ಮುಚ್ಚಳ ತೆಗೆದೆವು.

ಹಡಗಿನ ಮೂರು ಕಂಬಗಳೂ ನೆಟ್ಟಗೆ ನಿಂತಿದ್ದವು.

ಮುರಿದು ಹಡಗಿನ ಮೈಮೇಲೆ ಅಡ್ಡ ಬಿದ್ದಿರಬೇಕಾದ ಕಂಬದ ತುಂಡುಗಳು ಮೋಟುಗಳ ಮೇಲೆ ಏರಿ ಅಂಟಿಕೊಂಡಿದ್ದವು. ನಡುವಿನ ಮೋಟಿಗೆ ಬಿಗಿದಿದ್ದ ಮಾರ್ತೆಲನ ಮರ ಬಿಚ್ಚಿ ಪಕ್ಕದಲ್ಲಿ ಬಿದ್ದಿತ್ತು. ನನ್ನ ತೇಪೆಯ ಪಟವನ್ನು ನೀಟಾಗಿ ಮಡಚಿ ಇಡಲಾಗಿತ್ತು.

"ಈಶಣ್ಣ, ಇದೇನ್ ಮಾಡಿದ್ರಿ?" ಎಂದಳು ಸೌಜನ್ಯಾ.

"ಪಾರ್ಕ್‌ವೇ ಮ್ಯಾಲೆ ಒಬ್ಬಾಂವ ಅಡ್ಡ ಬಂದ ತಂಗಿ, ಬ್ರೇಕ್ ಹಾಕಿದೆ. ಹಿಂದ ಧಡ್ ಅಂತು. ರೆಸ್ಟ್ ಏರಿಯಾದಾಗ ನಿಲ್ಲಿಸಿ ತಗದು ನೋಡತೀನಿ, ಎಲ್ಲಾ ಮುರದು ಬಿದ್ದಾವ! ನನ್ನ ಜೀವನ ಹೋತು. ಇಷ್ಟು ದಿನ ಕಟ್ಟ್ಯಾರ, ಭಿನ್ನ ಆದದ್ದನ್ನ ಹೆಂಗ ಒಯ್ದು ಇಡೂದು? ವ್ಯಾನಿನ್ಯಾಗ ಸೂಪರ್ ಗ್ಲೂ ಇತ್ತು..." ಅವನ ದನಿ ಸಣ್ಣದಾಗುತ್ತಾ ಹೋಯಿತು. "ಮೊದಲ ಮುರದಿತ್ತೇನು?"

"ನಾನೇ ಮುರಿದಿದ್ದು ಈಶಣ್ಣ," ಎಂದಳು ನಿರುಪಮಾ.

ಈಶಣ್ಣ ನನ್ನ ಮುಖ ನೋಡಿದ. "ಅಕ್ಕಾರ, ಹೌದೇನ್ರೀ?"

"ಹೌದಪಾ."

ಅವನು ಕುರ್ಚಿಯ ಮೇಲೆ ಕುಸಿದು ತಲೆಯ ಮೇಲೆ ಕೈ ಹೊತ್ತ. ಸೌಜನ್ಯಾ, "ಇರಲಿ ಬಿಡ್ರಿ, ಹಿಂಗ ಇಟ್ಟುಬಿಡೂಣ. ಛಂದನ ಕಾಣಸ್ತದ. ಕಮಿಟಿಯವರಿಗೂ ಇದ ಬೇಕಲ್ಲ," ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹಾಗೇ ಇಟ್ಟಿದ್ದರೆ ಕೈಗಳು ಹೆಚ್ಚೇ ಏಳುತ್ತಿದ್ದವೋ ಏನೋ.

ನಿರುಪಮಾ ಅಂಟಿಸಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದಳು. "ಎಂಜಿನಿಯರ್ ಕೆಲಸ. ಬಿಡಲ್ಲ ಇದು," ಎಂದಳು. ಟೋನಿಯ ಕಡೆ ತಿರುಗಿ ಒಂದು ಇಕ್ಕಳ ಕೇಳಿದಳು. ಅವನು ತಂದುಕೊಟ್ಟ. ಅಂಟಿನ ಮೇಲುಗಡೆ ಇಕ್ಕಳದಿಂದ ಹಿಡಿದು, ಅಷ್ಟು ಜನರ ಮುಂದೆ, ನಡುವಿನ ಕಂಬವನ್ನು ಮತ್ತೊಮ್ಮೆ ಮುರಿದಳು. ಅಲ್ಲಿದ್ದ ಮುದುಕರೆಲ್ಲ ಒಂದೇ ಸಲ ಉಸಿರು ಎಳೆದುಕೊಂಡರು. ಮುಂದಿನದನ್ನೂ ಮುರಿದಳು.

ಆದರೆ ಈಗ ಮೋಟು ಮೊದಲಿಗಿಂತ ಎರಡು ಬೆರಳು ಎತ್ತರವಾಗಿತ್ತು. ಅದಕ್ಕೆ ಬಿಗಿಯಬೇಕಾದ ಮರ ಮೇಲೆ ಹೋಯಿತು, ಹಗ್ಗಗಳು ಸಾಲದಾದವು, ಪಟದ ಕೆಳ ಅಂಚು ಗಾಳಿಯಲ್ಲಿ ತೂಗತೊಡಗಿತು.

"ಆಂಟಿ, ಪಟ ಉದ್ದ ಆಗಬೇಕು."

"ಮತ್ತ ಒಂದ್ ತೇಪಿ, ಅಷ್ಟ ಅಲ್ಲೇನು? ಹಾಕ್ತೀನಿ, ನೀ ಹಗ್ಗ ನೋಡು."

ಮಿಕ್ಕ ಪಟ್ಟಿಗಳು ನನ್ನ ಚೀಲದಲ್ಲಿದ್ದವು. ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಕುಳಿತೆ. ಅವಳು ಹಗ್ಗ ಬಿಚ್ಚಿ ಹೊಸದಾಗಿ ಸುತ್ತತೊಡಗಿದಳು. ಟೋನಿ ತನ್ನ ದಪ್ಪ ಬೆರಳುಗಳಲ್ಲಿ ಮೋಟು ಅಲುಗಾಡದಂತೆ ಹಿಡಿದು ನಿಂತ. ಈಶಣ್ಣ ಎದ್ದು ಬಂದು, "ನಾ ಏನ್ ಹಿಡೀಲಿ?" ಎಂದ. "ಕತ್ತರಿ ಹಿಡೀರಿ, ಅಂಟು ಮಾತ್ರ ಹಿಡೀಬೇಡಿ," ಎಂದಳು ಅವಳು. ಅಷ್ಟು ಹೊತ್ತಿನ ಮೇಲೆ ಆಗ ಎಲ್ಲರೂ ನಕ್ಕೆವು.

ಜನ ಸುತ್ತ ನೆರೆದರು. ಒಬ್ಬ ಮುದುಕ ಏನು ಮಾಡುತ್ತಿದ್ದೀ ಎಂದು ಕೇಳಿದ. ಅವಳು ಕೈ ನಿಲ್ಲಿಸದೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ನನಗೆ ಮಾತು ತಿಳಿಯದಿದ್ದರೂ ಕಥೆ ಎಲ್ಲಿಗೆ ಬಂತು ಎಂದು ತಿಳಿಯುತ್ತಿತ್ತು. ಗುಂಡು ಕಟ್ಟಿದ ಹಗ್ಗವನ್ನು ಕೈಯಲ್ಲಿ ಇಳಿಸಿ ತೋರಿಸಿದಾಗ ಎಲ್ಲರೂ ಕಿಟಕಿಯಾಚೆ ಸಮುದ್ರ ನೋಡಿದರು. ಟೋನಿ ತಲೆಯಾಡಿಸಿದ. ಆ ಮರಳ ದಿಬ್ಬದ ಮೇಲೆ ಅವನೂ ಇಡೀ ಆಯುಷ್ಯ ದೋಣಿ ನಡೆಸಿದವನಲ್ಲವೇ. ಹಗ್ಗದ ಕೊನೆಯ ಗಂಟು ಬೀಳುವ ಹೊತ್ತಿಗೆ ಕಮಿಟಿಯವರು ಎರಡು ಮೇಜಿನಾಚೆ ಬಂದಿದ್ದರು. ನಾನು ದಾರ ಹಲ್ಲಿನಿಂದ ಕಡಿದು ಪಟ ಕೈಗಿತ್ತೆ. ಅವಳು ಏರಿಸಿದಳು. ಮೊದಲಿನದಕ್ಕಿಂತ ಒರಟಾಗಿತ್ತು. ಸಮುದ್ರದ ಮೇಲೆ ಮಾಡಿದ್ದೂ ಹೀಗೇ ಇದ್ದಿರಬೇಕು.

ಮೊದಲ ಬಹುಮಾನದ ರಿಬ್ಬನ್ನು ಬೇರೆ ಹಡಗಿಗೆ ಹೋಯಿತು, ಪಟ ತುಂಬಿದ ದೊಡ್ಡದಕ್ಕೆ. ಆಮೇಲೆ ಗಾಜಿನ ಪೆಟ್ಟಿಗೆಗೆ ಕೈ ಎತ್ತಿಸಿದರು. ಮೋಟು ಹಿಡಿದಿದ್ದ ಟೋನಿಯ ಕೈ ಮೊದಲು ಎದ್ದಿತು. ಇರೋಂದೆಲಿಗೇ ಹೆಚ್ಚು ಬಂದವು.

ಆದರೆ ಒಂದು ಮಾತು ಇತ್ತು. ಟೋನಿ ಅದನ್ನು ಹೇಳುವಾಗ ನೆಲ ನೋಡುತ್ತಿದ್ದ. ಸಮುದ್ರದ ಗಾಳಿಗೆ ಹಗ್ಗಗಳು ಉಬ್ಬಿ ಸಡಿಲಾಗುತ್ತವೆ, ಬಟ್ಟೆಗೆ ಬೂಸು ಬರುತ್ತದೆ. ವರ್ಷಕ್ಕೊಮ್ಮೆ ಕಟ್ಟಿದವರೇ ಬಂದು ಸರಿಮಾಡಬೇಕು, ಅಥವಾ ಅವರ ಪರವಾಗಿ ಆ ಕೈಕೆಲಸ ತಿಳಿದವರೊಬ್ಬರು ಹೆಸರು ಕೊಡಬೇಕು. ಯಾರೂ ಇಲ್ಲವಾದರೆ ಪೆಟ್ಟಿಗೆ ಎರಡನೆಯ ಹಡಗಿಗೆ. ನಿರುಪಮಾಳ ವಿಮಾನ ಮುಂದಿನ ವಾರ ಇತ್ತು.

ಅವಳು ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು.

"ನನಗ ಇಂಗ್ಲಿಷ್ ಬರಂಗಿಲ್ಲವ್ವಾ," ಎಂದೆ ಅವಳು ಬಾಯಿ ತೆರೆಯುವ ಮೊದಲೇ.

"ಹಗ್ಗಕ್ಕೂ ಬರಲ್ಲ ಆಂಟಿ."

"ಕಾರ್ ನಡಸಾಕ ಬರಂಗಿಲ್ಲ. ಕಣ್ಣು ನೋಡಿದ್ರ ಇಂಥವು. ಸೌಜನ್ಯಾ ವರ್ಷಾ ವರ್ಷಾ ಕರಕೊಂಡು ಬರ್ತಾಳೋ ಇಲ್ಲೋ. ಅಲ್ಲದ ಆ ಮುದುಕರೆಲ್ಲ ಸುತ್ತ ನಿಂತು ನೋಡಿದ್ರ ನನಗ ಕೈ ಓಡೂದಿಲ್ಲ."

ಸೌಜನ್ಯಾ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ನಾ ಕರಕೊಂಡು ಬರ್ತೀನಿ," ಎಂದಳು, ಇನ್ನೂ ಸಿಟ್ಟು ಇಳಿಯದ ದನಿಯಲ್ಲೇ.

ನಿರುಪಮಾ ಕೊರಳಿನಿಂದ ಭೂತಗನ್ನಡಿ ತೆಗೆದು ನನ್ನ ಕೊರಳಿಗೆ ಹಾಕಿದಳು. ನಾನು ಅದನ್ನು ತೆಗೆದು ತಿರುಗಿ ಕೊಡಲಿಲ್ಲ. ಮೈಸೂರಿಗೆ ಹೋದ ಮೇಲೆ ಫೋನಿನಲ್ಲಿ ಅವಳು ತನ್ನ ಹೊಸ ಕೆಲಸದ ಸುದ್ದಿ ಹೇಳಿದಳು, ಹಡಗಿನ ವಿಷಯ ನನ್ನನ್ನು ಮತ್ತೇನೂ ಕೇಳಲಿಲ್ಲ. ಕಡೆಯದಾಗಿ ಕೇಳಿದ್ದು ಆ ಕಿಟಕಿಯ ಬಳಿಯೇ. ಹಡಗು ನೋಡಿಕೊಳ್ಳುವವರ ಹೆಸರು ಬರೆದುಕೊಳ್ಳಲು ಟೋನಿ ಪೆನ್ನು ಹಿಡಿದು ಕಾಯುತ್ತಿದ್ದ. ಅವಳು ಅವನ ಕಡೆ ನೋಡದೆ, ಹಡಗಿನ ಕಡೆಗೇ ನೋಡುತ್ತಾ ಕೇಳಿದಳು:

"ಹೇಳಿ ಆಂಟಿ, ಹಗ್ಗ ಬಿಗಿಯೋವಾಗ ಬಲಗಡೆಯಿಂದ ಶುರು ಮಾಡ್ತೀರಾ, ಎಡಗಡೆಯಿಂದಾ?"